ತಾಳೆ ಆಯ್ತಾ?

ಮಾರ್ಚ್ ೧೩, ಗುರುವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ಎರಡು ಪತ್ರಗಳಿಗೆ ಒಂದೇ ಉತ್ತರ, ಬೈಯಬೇಡ. ಭಾವನ ಮಂಡಿನೋವು ಹೇಗಿದೆ? ಮೆಟ್ಟಿಲು ಹತ್ತಬೇಡಿ ಎಂದರೆ ಕೇಳುವ ಆಸಾಮಿಯಲ್ಲ ಅವರು, ನನಗೆ ಗೊತ್ತು.

"ಷೇರು ಮಾರ್ಕೆಟ್ ಮುಚ್ಚಿದ್ಮೇಲೂ ನಿಮಗೇನೇ ಅಂಥಾ ಕೆಲಸ?" ಎಂದು ಕೇಳಿದ್ದೀಯ. ನಿನ್ನ ಹಣ್ಣಿನಂಗಡಿಯ ಲೆಕ್ಕದಲ್ಲೇ ಹೇಳುತ್ತೇನೆ. ನಮ್ಮ ಕಂಪನಿ ನಡೆಸುವ ಇಟಿಎಫ್ ಎಂಬ ಫಂಡ್ ಒಂದು ದೊಡ್ಡ ಬುಟ್ಟಿ. ಒಳಗಿರುವುದು ಹಣ್ಣಲ್ಲ, ಐವತ್ತು ಕಂಪನಿಗಳ ಷೇರು. ಬಾಗಿಲು ಹಾಕುವ ಹೊತ್ತಿಗೆ ಯಾವುದಕ್ಕೆ ಎಷ್ಟು ಬೆಲೆಯಿತ್ತೋ ನೋಡಿ, ನಮ್ಮಲ್ಲಿರುವ ಷೇರುಗಳ ಸಂಖ್ಯೆಯಿಂದ ಗುಣಿಸಿ, ಎಲ್ಲವನ್ನೂ ಕೂಡುತ್ತೇವೆ. ಕೈಯಲ್ಲಿರುವ ನಗದು, ಬರಬೇಕಾದ ಡಿವಿಡೆಂಡ್ ಸೇರಿಸುತ್ತೇವೆ. ಕೊಡಬೇಕಾದದ್ದನ್ನೂ ಫಂಡ್ ನಡೆಸುವ ಖರ್ಚಿನಲ್ಲಿ ಆ ದಿನದ ಪಾಲನ್ನೂ ಕಳೆಯುತ್ತೇವೆ. ಉಳಿದದ್ದನ್ನು ಬುಟ್ಟಿಯ ಪಾಲುಗಳಾಗಿ ಜನರ ಬಳಿ ಇರುವ ಒಟ್ಟು ಯೂನಿಟ್‌ಗಳಿಗೆ ಹಂಚಿದರೆ ಒಂದು ಯೂನಿಟ್ಟಿನ ನಿಜವಾದ ಮೌಲ್ಯ ಸಿಗುತ್ತದೆ. ಅದೇ ಎನ್‌ಎವಿ. ಆದರೆ ಈ ಯೂನಿಟ್ಟು ದಿನವಿಡೀ ಷೇರಿನಂತೆಯೇ ಮಾರಾಟವಾಗುತ್ತದೆ ನೋಡು, ಅಲ್ಲಿ ಜನ ಕೊಡುವ ಬೆಲೆ ಒಳಗಿನ ಮೌಲ್ಯಕ್ಕಿಂತ ಕೊಂಚ ಹೆಚ್ಚೂ ಇರಬಹುದು, ಕಡಿಮೆಯೂ ಇರಬಹುದು. ಆಫೀಸಿನವರು ಗಂಡ ಹೆಂಡತಿ ನಮ್ಮಿಬ್ಬರನ್ನು ಜೋಡೆತ್ತು ಎನ್ನುತ್ತಾರೆ. ನಮಗೂ ಒಳಗಿನದಕ್ಕಿಂತ ಹೊರಗಿನ ಬೆಲೆ ಸದಾ ಜಾಸ್ತಿ.

ಈ ಲೆಕ್ಕವನ್ನು ಇಬ್ಬರು ಬೇರೆ ಬೇರೆ ಮಾಡಬೇಕು, ಒಬ್ಬರದ್ದು ಒಬ್ಬರು ನೋಡದೆ. ಕೊನೆಯ ಅಂಕಿಯವರೆಗೂ ತಾಳೆಯಾದರೆ ಮಾತ್ರ ಪ್ರಕಟಿಸುತ್ತಾರೆ. ಒಬ್ಬಳು ನಾನು, ಇನ್ನೊಬ್ಬರು ಇವರು. ಮೇಜುಗಳ ನಡುವೆ ಎದೆಮಟ್ಟದ ಗಾಜು. ಕಿಟಕಿಗಳನ್ನು ತೆರೆಯಲು ಬರುವುದಿಲ್ಲ. ತಾಳೆಯಾಗುವವರೆಗೆ ಯಾರೂ ಮನೆಗೆ ಹೋಗುವಂತಿಲ್ಲ, ಒಬ್ಬರು ರಜೆ ಹಾಕಿದ ದಿನ ಇನ್ನೊಬ್ಬರು ಹಾಕುವಂತಿಲ್ಲ. "ನಿಮ್ಮಿಬ್ಬರನ್ನ ಒಟ್ಟಿಗೆ ನೋಡೋಕೆ ಮುಹೂರ್ತ ಇಡಿಸ್ಬೇಕು" ಎಂದು ನೀನು ಆಡಿಕೊಳ್ಳುತ್ತಿದ್ದೆಯಲ್ಲ, ಕಾರಣ ಇದೇ.

ಮನೆಯಲ್ಲಿ ಈಗ ಮಾತಿಲ್ಲ ಕತೆಯಿಲ್ಲ. ಜಗಳವಾದರೂ ಆಡಿದ್ದರೆ ಚೆನ್ನಾಗಿತ್ತು. ಉಂಡ ತಟ್ಟೆ ತೊಳೆದಿಟ್ಟು ಗೋಡೆಯ ಕಡೆ ತಿರುಗಿ ಮಲಗುತ್ತಾರೆ. ಇಡೀ ದಿನಕ್ಕೆ ನನಗೆ ದಕ್ಕುವುದು ಸಂಜೆ ಗಾಜಿನಾಚೆಯಿಂದ ಬರುವ ಒಂದು ಪ್ರಶ್ನೆ: "ತಾಳೆ ಆಯ್ತಾ?" ಆಯ್ತು ಎನ್ನುತ್ತೇನೆ, ಅಷ್ಟೇ.

ಹೋದ ವಾರ ಒಂದು ದಿನ ಆಗಲಿಲ್ಲ. ಹುಡುಕಿ ಹುಡುಕಿ ಸಾಕಾಗಿ ಇವರೇ ಎದ್ದು ಬಂದರು. ನನ್ನ ಪರದೆಗೆ ಬಗ್ಗಿ, "ದಿನದ ಖರ್ಚು ಕಳೆದೇ ಇಲ್ವಲ್ಲ ನೀನು," ಎಂದರು. ಎಷ್ಟೋ ತಿಂಗಳ ಮೇಲೆ ನನ್ನ ಪಕ್ಕ ನಿಂತಿದ್ದರು. ನಾಳೆಯೂ ಒಂದು ತಪ್ಪು ಮಾಡಲೇ ಅನಿಸಿತು. ನಗಬೇಡ ಅಕ್ಕಾ, ನನಗೆ ಅಳು ಬಂತು.

ಹೀಗೆ ಉಸಿರುಕಟ್ಟಿ ಬದುಕಲಾರೆ. ನಾಳೆ ನಮ್ಮ ವಿಭಾಗ ನೋಡಿಕೊಳ್ಳುವ ಮೇಡಂಗೆ ರಾಜೀನಾಮೆ ಕೊಡುತ್ತೇನೆ. ನೀನು ಹೇಳಿದ ಮಹಡಿಯ ಕೋಣೆ ಗುಡಿಸಿಡು, ಅಂಗಡಿಯಲ್ಲಿ ತಕ್ಕಡಿ ನಾನು ಹಿಡಿಯುತ್ತೇನೆ. ವಿಷಯ ತಿಳಿದಾಗ ಇವರು "ಹೋಗ್ಬೇಡ" ಎಂದಾರೇನೋ ಎಂಬ ಆಸೆಯೂ ಇದೆ, ನಿನ್ನ ಹತ್ತಿರ ಸುಳ್ಳೇಕೆ ಹೇಳಲಿ.

ಭಾವನಿಗೆ ನಮಸ್ಕಾರ. ಪುಟ್ಟಿಗೆ ಚಿಕ್ಕಮ್ಮನ ಮುತ್ತು, ಪರೀಕ್ಷೆಯಲ್ಲಿ ಅವಳಿಗೆ ಒಳ್ಳೆಯದಾಗಲಿ.

ನಿನ್ನ
ತಂಗಿ

ತಾ.ಕ.: ಶುಕ್ರವಾರ. ಪತ್ರ ಇನ್ನೂ ಬ್ಯಾಗಿನಲ್ಲೇ ಇತ್ತು, ಅದಕ್ಕೇ ಇಷ್ಟು ಸೇರಿಸುತ್ತಿದ್ದೇನೆ. ಬೆಳಿಗ್ಗೆ ಮೇಡಂ ಮುಂದೆ ರಾಜೀನಾಮೆ ಇಟ್ಟೆ. ಪೂರ್ತಿ ಓದಲೂ ಇಲ್ಲ ಅವರು. "ಇಬ್ರೂ ಒಟ್ಟಿಗೆ ಹೊರಟ್ರೆ ನಾನೇನಮ್ಮಾ ಮಾಡ್ಲಿ? ನಿಮ್ಮೋರು ಸೋಮವಾರಾನೇ ಕೊಟ್ಟಾಯ್ತಲ್ಲ. ಬೇರೆ ಊರಲ್ಲಿ ಕೆಲಸ ಸಿಕ್ಕಿದೆ ಅಂದ್ರು. ಅವರ ಜಾಗಕ್ಕೆ ಬರೋರು ಪಳಗೋವರೆಗೂ ನೀವು ಕದಲೋ ಹಾಗಿಲ್ಲ," ಎಂದರು. ನನಗೇನೂ ಗೊತ್ತಿರಲಿಲ್ಲವೆಂದು ತೋರಿಸಿಕೊಳ್ಳಲಾಗದೆ ತಲೆಯಾಡಿಸಿ ಬಂದೆ. ಕೋಣೆ ಬೇರೆ ಯಾರಾದರೂ ಕೇಳಿದರೆ ಕೊಟ್ಟುಬಿಡು.

ಸಂಜೆ ಗಾಜಿನಾಚೆಯಿಂದ ಇವರು ಎಂದಿನಂತೆ ಕೇಳಿದರು, "ತಾಳೆ ಆಯ್ತಾ?"

"ಆಯ್ತು," ಎಂದೆ.