ಬೆಳ್ಳಿ ಬಣ್ಣದ್ದನ್ನು ಕಳಿಸು

ಅಕ್ಕಾ,

ಕೆಲಸಕ್ಕೆ ಹೊರಟೆ. ಕೇಳಿ ಆರಿಸಲೆಂದು ತಂದ, ರೆಕಾರ್ಡು ನುಡಿಸುವ ಎರಡು ಟರ್ನ್‌ಟೇಬಲ್‌ಗಳಲ್ಲಿ ಒಂದನ್ನು ಅಂಗಡಿಯವನು ಇವತ್ತು ನಾಲ್ಕಕ್ಕೆ ಬಂದು ಒಯ್ಯುತ್ತಾನೆ. ಅಷ್ಟರಲ್ಲಿ ಎದ್ದಿರು. ಊಟ ಮುಚ್ಚಿಟ್ಟಿದ್ದೇನೆ.

ಬೆಳ್ಳಿ ಬಣ್ಣದ್ದನ್ನು ಕಳಿಸು. ಎರಡೂ ಬೆಲ್ಟಿಲ್ಲದೆ ಮೋಟರೇ ತಟ್ಟೆ ತಿರುಗಿಸುವ ಡೈರೆಕ್ಟ್ ಡ್ರೈವ್, ಎರಡೂ ದುಬಾರಿ. ಕೇಳುವುದಕ್ಕೆ ಬೆಳ್ಳಿಯದೇ ಚೆನ್ನ. ಹಾಡು ಶುರುವಾಗುವ ಮುಂಚಿನ ಮೌನ ಕೂಡ ಅದರಲ್ಲಿ ಶುಭ್ರವಾಗಿದೆ. ಆದರೆ ನಿನ್ನ ಡಿಜೆ ಕೆಲಸಕ್ಕೆ ಆಗಿಬರುವುದಿಲ್ಲ. ತಟ್ಟೆಯನ್ನು ಕೈಯಲ್ಲಿ ಹಿಂದಕ್ಕೆ ತಿರುಗಿಸಿ ಬಿಟ್ಟರೆ ವೇಗ ಹಿಡಿಯಲು ತಡವರಿಸುತ್ತದೆ. ಕರಿಯದನ್ನು ಎಷ್ಟು ಎಳೆದಾಡಿದರೂ ಬಿಟ್ಟ ತಕ್ಷಣ ಹದಕ್ಕೆ ಬರುತ್ತದೆ. ಮನೆಯಲ್ಲಿ ಕೇಳುವುದಕ್ಕೂ ಸಾಕು.

"ಇಬ್ಬರೂ ಕೂತು ಕೇಳಿ ಆರಿಸೋಣ ಕಣೋ, ಗುಮ್ಮಣ್ಣ" ಅಂತ ನೀನೇ ನನಗೆ ಅಂದಿದ್ದೆ. ವಾರವಾಯಿತು. ನೀನು ಕಾರ್ಯಕ್ರಮ ಮುಗಿಸಿ ಬರುವಾಗ ನಾನು ಮಲಗಿರುತ್ತೇನೆ, ನಾನು ಕೇಳುವಾಗ ನೀನು. ಎಳೆದಾಡುವಾಗ ಮುಳ್ಳು ಹಾರಬಾರದೆಂದು ನೀನು ಅದರ ಭಾರ ಹೆಚ್ಚಿಸಿಟ್ಟಿರುತ್ತೀಯ, ರೆಕಾರ್ಡು ಸವೆಯಬಾರದೆಂದು ನಾನು ಬೆಳಿಗ್ಗೆ ಇಳಿಸುತ್ತೇನೆ. ಈ ವಾರ ನಮ್ಮ ಮಾತುಕತೆ ಅಷ್ಟೇ. ಇವತ್ತು ನೋಡಿದರೆ ನಾನಿಟ್ಟ ಭಾರ ಹಾಗೇ ಇತ್ತು. ನೀನು ಮುಟ್ಟಿಯೇ ಇರಲಿಲ್ಲ. ಆ ಮಾತೂ ನಿಂತಿತೇನೋ ಅನಿಸಿತು.

ಕಳಿಸುವ ಮುಂಚೆ ಮುಳ್ಳಿನ ತೋಳು ಅಲ್ಲಾಡದಂತೆ ಕಟ್ಟು.

ಭಾನುವಾರ ನಿನಗೆ ಕಾರ್ಯಕ್ರಮವಿಲ್ಲ. ರೆಕಾರ್ಡಿನ ಒಂದು ಬದಿ, ಇಪ್ಪತ್ತು ನಿಮಿಷ, ನನ್ನ ಜೊತೆ ಕೂತುಕೋ. ನಿನ್ನ ದಡಬಡ ಸಂಗೀತವೇ ಆಗಲಿ. ಅದೂ ಆಗದು ಅನಿಸಿದರೆ ಇವತ್ತೇ ಎರಡನ್ನೂ ಕಳಿಸಿಬಿಡು. ಒಬ್ಬನೇ ಕೇಳುವುದಕ್ಕೆ ನನಗೆ ಫೋನು ಸಾಕು.

ತಮ್ಮ