ಅಳಿವೆ ದಾಟಿದ ನೀರು

ಭಾಸ್ಕರ, "ಅಳಿವೆ ದಾಟಿ ಕಡಲು ಸೇರಿದ ನೀರಿಗೆ ಹೆಸರಿಲ್ಲ" ಎನ್ನುತ್ತಿದ್ದೆ ನೀನು. ಹೆಸರಿಲ್ಲ ಎಂದೋ, ಊರಿಲ್ಲ ಎಂದೋ? ಈಗ ಕೇಳೋಣವೆಂದರೆ ನೀನಿಲ್ಲ. ಆ ಮಾತು ನಿಜವೇ ಎಂಬುದೂ ಅನುಮಾನ.

ಇವತ್ತು ಜಾತಿ ಸಮೀಕ್ಷೆಗೆ ನನ್ನ ತವರೂರು ಮಂಕಿಯ ಮಾಲಿನಿ ಟೀಚರ್ ಬಂದಿದ್ದರು. ಬೇರೆ ಬೇರೆ ಜಾತಿಯ ನಾನೂ ನೀನೂ ಮದುವೆಯಾದಾಗ ಮಾತಾಡಿಕೊಂಡಂತೆ, ಜಾತಿ ಬರೆಸುವುದು ಬೇಡವೆನ್ನಲು ಬಾಯಿ ತೆರೆದೆ.

"ನಿಮ್ಮ ಹತ್ರ ಎಂತ ಕೇಳೂದು ಅಕ್ಕಾ, ನಿಮ್ಮ ಅಪ್ಪನ ಮನೆ ನಂಗೊತ್ತಿಲ್ವಾ?" ಎಂದು ತವರಿನ ಜಾತಿಯನ್ನೇ ಮೊಬೈಲಿನಲ್ಲಿ ಒತ್ತಿದರು. ಅದನ್ನು ಖಚಿತಪಡಿಸಲು ನನ್ನ ಫೋನಿಗೆ ಒಟಿಪಿ ಬಂತು. ಅಂಕಿಗಳನ್ನು ನಾನೇ ಓದಿ ಹೇಳಿದೆ.

ಪಕ್ಕದ ಮನೆಯ ಮಾದೇವಕ್ಕ ನನ್ನ ತವರಿನ ಜಾತಿಯವಳು. ನಮ್ಮ ಮದುವೆಯ ನಂತರ ಈ ಮನೆಯ ನೀರೂ ಮುಟ್ಟಿರಲಿಲ್ಲ. ಎಲ್ಲ ಕೇಳಿಸಿಕೊಂಡು ಬಾಗಿಲಿಗೆ ಬಂದಳು.

"ಆತಲ್ಲ, ಮತ್ತೆ ನಮ್ಮವಳೇ ಆದೆ. ನಾಳೆ ಊಟಕ್ಕೆ ಬಾರೆ."