ಅಡಿಗೀಟಿಲ್ಲದ ಅಕ್ಷರ

ಸೆಪ್ಟೆಂಬರ್ 9, ಮಂಗಳವಾರ. ಬೆಳಿಗ್ಗೆ

ಅಪ್ಪನಿಗೆ ಗಂಜಿ. ಮಾತ್ರೆ. ಗಂಟಲಿನ ಗಾಯಕ್ಕೆ ಹೊಸ ಬಟ್ಟೆ. ಇವತ್ತು ನಾಲ್ಕು ತುತ್ತು ಹೆಚ್ಚೇ ತಿಂದರು. ನನ್ನ ಕೈರುಚಿಗೆ ಅಲ್ಲ. ಫೋನ್ ನೋಡುತ್ತ ತಿಂದರು.

ಫೋನಿನಲ್ಲಿ ಯಾರು? ಇನ್ಯಾರು... ಗೂ ತಿಂಗ್‌ಯು. ಅಪ್ಪನ ಕೊನೆಯ ಶಿಷ್ಯೆ. ನನಗಿಂತ ಹದಿನೈದು ವರ್ಷ ಚಿಕ್ಕವಳು. ಹಳೆಯ ಕಥೆಗಳನ್ನು ಈಗಿನವರಿಗೆ ಹೇಳುತ್ತಾಳಂತೆ. ವಿಡಿಯೋ ಮಾಡುತ್ತಾಳೆ. ನರಿಯೊಂದು ಹೆಣ್ಣಾಗಿ ಬಡ ವಿದ್ಯಾರ್ಥಿಯ ಮನೆಗೆ ಬರುವ ಕಥೆ ಇದೆಯಲ್ಲ — ಇವಳ ಬಾಯಲ್ಲಿ ಆ ನರಿ ನಮ್ಮ ಸುಝೌ ಪೇಟೆಯಲ್ಲಿ ಬಾಡಿಗೆ ಕೋಣೆ ಹುಡುಕುತ್ತಾಳೆ. ಮನೆಯೊಡತಿ ಗುರುತಿನ ಚೀಟಿ ಕೇಳಿದರೆ ಬಾಲ ಮುಚ್ಚಿಕೊಳ್ಳುತ್ತಾಳೆ. ಅಪ್ಪ ನಗುತ್ತಿದ್ದರು. ಆಪರೇಷನ್ ಆದಮೇಲೆ ದನಿ ಇಲ್ಲ, ಭುಜ ಮಾತ್ರ ಕುಣಿಯುತ್ತದೆ. ಅದೇ ಕಥೆಗೆ ನಾನು ಏಳುನೂರು ಪುಟದ ಟಿಪ್ಪಣಿ ಬರೆದಿದ್ದೇನೆ. ಅದನ್ನು ಓದುವಾಗ ಅಪ್ಪನ ಭುಜ ಅಲ್ಲಾಡಿದ್ದು ಕಾಣೆ.

ಗ್ರಂಥಾಲಯದ ಮುಖ್ಯಸ್ಥ ಹೌ ನಿನ್ನೆ ಫೋನ್ ಮಾಡಿದ್ದ. ಅಪ್ಪನ ದನಿ ಹೋದಾಗಿನಿಂದ ಅಲ್ಲಿ 'ಯಾನ್ ಬೊಹಂಗ್ ಅವರ ಭಾನುವಾರದ ಕಥೆ' ನಿಂತುಹೋಗಿದೆ. ಜನ ಕೇಳುತ್ತಿದ್ದಾರೆ. ಅಪ್ಪನ ಕುರ್ಚಿಯಲ್ಲಿ ಇನ್ನು ಯಾರು ಕೂರಬೇಕು ಅಂತ ಅಪ್ಪನೇ ಹೇಳಲಿ ಅಂದ. ಇದರಲ್ಲಿ ಕೇಳುವುದೇನಿದೆ? ಮಗಳಿಲ್ಲವೇ? ಹಳೆಗ್ರಂಥಗಳನ್ನೇ ಕಾಲೇಜಿನಲ್ಲಿ ಪಾಠ ಮಾಡುವ ಮಗಳು! ಆ ಕುರ್ಚಿ ಬಿಟ್ಟು ಬೇರೇನನ್ನೂ ನಾನು ಅಪ್ಪನಿಂದ ಬಯಸಿದವಳಲ್ಲ.

ಅಪ್ಪ ಹಲಗೆಯ ಮೇಲೆ ಬರೆದರು: 'ಯೋಚಿಸುತ್ತೇನೆ.'

ಯೋಚಿಸುತ್ತಾರಂತೆ.

ಸೆಪ್ಟೆಂಬರ್ 10. ಸಂಜೆ

ಶಿಕ್ಷಕರ ದಿನ. ಬಂದಳು ಮಹಾರಾಯಿತಿ. ಹಸಿ ಮಖಾನ ಬೀಜ ತಾನೇ ಸುಲಿದು, ಬೇಯಿಸಿ, ಡಬ್ಬಿಯಲ್ಲಿ ತಂದಿದ್ದಳು. ಸಿಪ್ಪೆಯ ಕಲೆಗೆ ಉಗುರೆಲ್ಲ ಕಪ್ಪು. ಆ ಕಪ್ಪನ್ನು ಅಪ್ಪನಿಗೆ ಕಾಣುವ ಹಾಗೆಯೇ ಹಿಡಿದಿದ್ದಳು.

"ಅಕ್ಕಾ, ಸಕ್ಕರೆ ಕಮ್ಮಿ ಹಾಕಿದೀನಿ. ಡಾಕ್ಟರ್ ಬೇಡ ಅಂದಿದಾರಲ್ಲ ಗುರುಗಳಿಗೆ."

"ಗೊತ್ತಮ್ಮಾ. ಡಾಕ್ಟರ ಹತ್ರ ಕರ್ಕೊಂಡು ಹೋದವಳು ನಾನೇ."

"ಅಯ್ಯೋ, ಹಾಗಲ್ಲಕ್ಕಾ..."

"ಕೂತ್ಕೋ. ನಿಂತೇ ಇದ್ರೆ ನಾನೇನೋ ಬೈದೆ ಅನ್ಕೋತಾರೆ."

ಅಪ್ಪ ಅವಳಿಗಾಗಿ ಹಲಗೆ ತುಂಬ ಬರೆದರು, ಒರೆಸಿದರು, ಮತ್ತೆ ಬರೆದರು. ನನಗೆ ಬರೆದದ್ದು ಒಂದೇ ಪದ: 'ಚಹಾ.'

ಮಾಡಿಕೊಟ್ಟೆ. ಹಿತ್ತಲ ಗಿಡ ಮದ್ದಲ್ಲ. ಬೀದಿಯ ಗಿಡಕ್ಕೆ ನೀರು ಹೊರುವುದೂ ಹಿತ್ತಲ ಗಿಡವೇ. ಅವಳು ಹೋದಮೇಲೆ ಡಬ್ಬಿ ತೆರೆದು ತಿಂದು ನೋಡಿದೆ. ಚೆನ್ನಾಗಿತ್ತು, ಹಾಳಾದ್ದು.

ಸೆಪ್ಟೆಂಬರ್ 13, ಶನಿವಾರ

ಸಿಕ್ಕಿತು!

ಬೆಳಿಗ್ಗೆ ಅವಳ ಹೊಸ ವಿಡಿಯೋ. ಅದೇ ನರಿಯ ಕಥೆ, ಮುಂದಿನ ಭಾಗ. ಬಿಟ್ಟುಹೋಗುವ ಮೊದಲು ನರಿ ಗೋಡೆಯ ಮೇಲೆ ಒಂದು ಸಾಲು ಬರೆಯುತ್ತಾಳೆ — ನನ್ನ ಮನಸ್ಸು ಸ್ಥಿರ ಅಂತ. 'ಸ್ಥಿರ' ಅನ್ನುವುದಕ್ಕೆ ಮೂಲದಲ್ಲಿರುವ ಅಕ್ಷರ 'ಹಂಗ್.' ತಿಂಗ್‌ಯು ಆ ಸಾಲನ್ನು ಕುಂಚ ಹಿಡಿದು ಕ್ಯಾಮೆರಾ ಮುಂದೆಯೇ ಬರೆದಳು. 'ಹಂಗ್' ಬರೆಯುವಾಗ ಕೆಳಗಿನ ಅಡ್ಡಗೀಟು ಎಳೆಯಲೇ ಇಲ್ಲ! ಮೂರನೇ ಕ್ಲಾಸಿನ ಮಗುವೂ ಬಿಡುವುದಿಲ್ಲ. ಆಮೇಲೆ ಓದಿದಳು — ಅದನ್ನೂ ತಪ್ಪಾಗಿ. 'ಹಂಗ್' ಅನ್ನಬೇಕಾದ ಕಡೆ 'ಚಾಂಗ್' ಅಂದಳು. ಅದಕ್ಕೂ ಅರ್ಥ ಹೆಚ್ಚುಕಡಿಮೆ ಅದೇ ಇರಬಹುದು, ಆದರೆ ಪಠ್ಯದಲ್ಲಿ ಇರುವುದು ಅದಲ್ಲ. ಎಂಟು ಲಕ್ಷ ಜನ ನೋಡಿದ್ದಾರೆ. ಒಬ್ಬನಿಗೂ ಕಂಡಿಲ್ಲ.

ಚಿತ್ರ ತೆಗೆದೆ. ತಪ್ಪಿಗೆ ಕೆಂಪು ಸುತ್ತು ಹಾಕಿದೆ. ಪಕ್ಕದಲ್ಲಿ ಸರಿಯಾದ ಅಕ್ಷರ ಬರೆದೆ, ಕೆಳಗಿನ ಗೀಟು ತುಸು ದಪ್ಪಗೆ. 'ಪರಂಪರೆಯನ್ನು ಜನರ ಬಳಿಗೆ ಒಯ್ಯುವವರು ಮೊದಲು ಅಕ್ಷರ ಕಲಿಯಲಿ. ಬರೆಯಲೂ ಬಾರದು, ಓದಲೂ ಬಾರದು, ಹೇಳುವುದು ಮಾತ್ರ ಪುರಾಣ.' ನನ್ನ ಹೆಸರು, ಹುದ್ದೆ ಎಲ್ಲ ಹಾಕಿ ಪೋಸ್ಟ್ ಮಾಡಿದೆ.

ಮಧ್ಯಾಹ್ನ ಹೊಟ್ಟೆ ತುಂಬ ಉಂಡೆ.

ಸೆಪ್ಟೆಂಬರ್ 15

ಎಲ್ಲ ಕಡೆ ಅದೇ ಸುದ್ದಿ. 'ನರಿ ಹುಡುಗಿಗೆ ಅಕ್ಷರ ಬಾರದು' ಅಂತ ಯಾರೋ ಹಾಡು ಕಟ್ಟಿದ್ದಾರೆ. ಪತ್ರಿಕೆಯವರು ನನಗೆ ಫೋನ್ ಮಾಡಿದರು. ವಿನಯದಿಂದ ಮಾತಾಡಿದೆ — 'ವ್ಯಕ್ತಿಯ ಮೇಲೆ ದ್ವೇಷವಿಲ್ಲ, ಪಠ್ಯದ ಮೇಲೆ ಪ್ರೀತಿ.' ಹೇಳುವಾಗ ನನಗೇ ನಗು ಬಂತು.

ತಿಂಗ್‌ಯು ಉತ್ತರ ಕೊಟ್ಟಿಲ್ಲ. ಒಂದು ಪದವೂ ಇಲ್ಲ. ಏನಂತ ಕೊಟ್ಟಾಳು!

ಅಪ್ಪ ನನ್ನ ಪೋಸ್ಟ್ ನೋಡಿದರು. ನೋಡಿ ಫೋನನ್ನು ಮಗುಚಿ ಇಟ್ಟರು. ಹಲಗೆ ಹತ್ತಿರವೇ ಇತ್ತು, ಮುಟ್ಟಲಿಲ್ಲ. ಗೋಡೆಯ ಕಡೆ ತಿರುಗಿ ಮಲಗಿದರು. ಮುದ್ದಿನ ಶಿಷ್ಯೆಯ ಮಾನ ಹೋಯಿತು ಅಂತ ಸಂಕಟ. ಮಗಳು ಸರಿಯಾಗಿ ಹೇಳಿದಳು ಅಂತ ಸಂತೋಷ ಮಾತ್ರ ಇಲ್ಲ.

ಸೆಪ್ಟೆಂಬರ್ 19, ಶುಕ್ರವಾರ

ಹೌ ಫೋನ್ ಮಾಡಿದ. "ಮೇಡಂ, ಇನ್ನು ಕಾಯೋದು ಬೇಡ. ತಪ್ಪಕ್ಷರದ ಗಲಾಟೆ ನಮ್ಮ ಗ್ರಂಥಾಲಯಕ್ಕೆ ಅಂಟೋದು ಬೇಡ. ಈ ಭಾನುವಾರ ನೀವೇ ಬನ್ನಿ."

"ಅಪ್ಪ ಏನಂದ್ರು?"

"ಗುರುಗಳು ಏನೂ ಬರೆದು ಕಳಿಸಿಲ್ಲ. ಬೇಡ ಅಂತಾನೂ ಅಂದಿಲ್ವಲ್ಲ."

ಕುರ್ಚಿ ನನ್ನದು. ನೀಲಿ ರೇಷ್ಮೆಯ ಉಡುಪು ಇಸ್ತ್ರಿಗೆ ಕೊಟ್ಟು ಬಂದೆ.

ಸೆಪ್ಟೆಂಬರ್ 21, ಭಾನುವಾರ. ಸಂಜೆ 5

ಹೋಗಿ ಬಂದೆ. ಚೆನ್ನಾಗಿಯೇ ಆಯಿತು. ಆಯಿತು ಅಂದುಕೊಳ್ಳುತ್ತೇನೆ.

ಸಭೆ ತುಂಬಿತ್ತು. ಆ ಕಥೆಯ ಪಾಠಾಂತರಗಳಿಂದ ಶುರು ಮಾಡಿದೆ. ಯಾವ ಅಚ್ಚಿನಲ್ಲಿ ಯಾವ ಸಾಲು ಬಿಟ್ಟುಹೋಗಿದೆ, ಯಾಕೆ. ಸ್ವಲ್ಪ ಹೊತ್ತಿಗೆ ಮುಂದಿನ ಸಾಲಿನ ಪಾನ್ ಅಜ್ಜಿ ಚೀಲದಿಂದ ಮಖಾನ ತೆಗೆದು ಸುಲಿಯತೊಡಗಿದಳು. ಅಪ್ಪ ಹೇಳುವಾಗ ಈಕೆ ಬಾಯಿ ಬಿಟ್ಟುಕೊಂಡು ಕೂರುತ್ತಿದ್ದವಳು. ಆಮೇಲೆ ಪಕ್ಕದವಳೂ ಸುಲಿದಳು. ಹಿಂದೆ ಯಾರೋ ಗೊರಕೆ.

ಕೊನೆಗೆ ಪ್ರಶ್ನೆಗಳಿವೆಯೇ ಅಂದೆ. ಪಾನ್ ಅಜ್ಜಿ ಕೈ ಎತ್ತಿದಳು.

"ಅಲ್ಲಮ್ಮಾ, ಆ ನರಿಗೆ ಕೊನೇಲಿ ಮನೆ ಸಿಕ್ತೋ ಇಲ್ವೋ?"

"ಮೂಲ ಕಥೆಯಲ್ಲಿ ಬಾಡಿಗೆ ಮನೆ ಇಲ್ಲ ಅಜ್ಜಿ."

"ಅದು ಗೊತ್ತು ಬಿಡು. ಮತ್ತೆ ಆ ಹುಡುಗಿ ಯಾವಾಗ ಬರ್ತಾಳೆ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಮೈಯೆಲ್ಲ ಉರಿಯಿತು. ಸೋತವಳು ಅವಳು. ಆದರೂ ಗೆದ್ದವಳ ಸಭೆಯಲ್ಲಿ ಅವಳದೇ ಮಾತು.

ಸೆಪ್ಟೆಂಬರ್ 25, ಗುರುವಾರ. ಸ್ಟಾಫ್ ರೂಮಿನಲ್ಲಿ

ಮನೆಗೆ ಹೋಗುವವರೆಗೂ ಕಾಯಲಾರೆ. ಬರೆದುಬಿಡುತ್ತೇನೆ.

ಎರಡನೇ ವರ್ಷದವರಿಗೆ ಪಾಠ: ಹಳೆಯ ಅಚ್ಚು ಯಾವ ಕಾಲದ್ದು ಅಂತ ಪತ್ತೆಹಚ್ಚುವುದು ಹೇಗೆ. ಪ್ರತಿವರ್ಷ ಮಾಡುವ ಪಾಠ, ನಿದ್ದೆಯಲ್ಲೂ ಮಾಡಬಲ್ಲೆ. ದೊರೆಯ ಹೆಸರಿನಲ್ಲಿರುವ ಅಕ್ಷರವನ್ನು ಪೂರ್ತಿ ಬರೆಯುವಂತಿಲ್ಲ, ಗೌರವಕ್ಕಾಗಿ ಕೊನೆಯ ಗೀಟು ಬಿಡಬೇಕು. ಬಾಯಲ್ಲಿ ಹೇಳುವಂತಿಲ್ಲ, ಅದೇ ಅರ್ಥದ ಬೇರೆ ಪದ ಹೇಳಬೇಕು. ದೊರೆಗೆ ಮಾತ್ರವಲ್ಲ, ಮಕ್ಕಳು ಹೆತ್ತ ತಂದೆಯ ಹೆಸರಿಗೂ ಹಾಗೆಯೇ ಮಾಡುತ್ತಿದ್ದರು — ಅಂತ ಹೇಳುತ್ತ ಉದಾಹರಣೆಗೆ ಬೋರ್ಡಿನ ಮೇಲೆ ಬರೆದೆ. ಪ್ರತಿವರ್ಷ ಬರೆಯುವ ಅಕ್ಷರವನ್ನೇ ಬರೆದೆ. 'ಹಂಗ್.' ಕೆಳಗಿನ ಗೀಟು ಬಿಟ್ಟು.

ಮುಂದಿನ ಬೆಂಚಿನ ಹುಡುಗಿ, "ಮೇಡಂ, ಇದು ನೀವು ತಪ್ಪು ಅಂತ ಪೋಸ್ಟ್ ಮಾಡಿದ್ದ ಅಕ್ಷರ ಅಲ್ವಾ?" ಅಂದಳು. ಪಾಪ, ಕುಹಕದಿಂದಲ್ಲ. ನಿಜವಾಗಿಯೂ ಗೊತ್ತಾಗದೆ ಕೇಳಿದಳು.

ಬೊಹಂಗ್. ನಮ್ಮಪ್ಪನ ಹೆಸರು ಬೊಹಂಗ್.

ಅವಳಿಗೆ ಬರೆಯಲು ಬಾರದೆ ಅಲ್ಲ. ಗುರುವಿನ ಹೆಸರಿನ ಅಕ್ಷರ ಅಂತ ಗೀಟು ಬಿಟ್ಟಳು. ಗುರುವಿನ ಹೆಸರು ಬಾಯಲ್ಲಿ ಬರಬಾರದು ಅಂತ 'ಚಾಂಗ್' ಅಂದಳು. ಹಳಬರು ಮಾಡುತ್ತಿದ್ದಂತೆಯೇ. ಮಗಳು ತಂದೆಗೆ ಮಾಡುವಂತೆ. ಮತ್ತೆ ನಾನು, ಆ ತಂದೆಯ ಮಗಳು, ಇದನ್ನೇ ಪಾಠ ಮಾಡಿ ಸಂಬಳ ತೆಗೆದುಕೊಳ್ಳುವವಳು — ಅದಕ್ಕೆ ಕೆಂಪು ಸುತ್ತು ಹಾಕಿ ಊರಿಗೆಲ್ಲ ತೋರಿಸಿದೆ.

ಥೂ ನನ್ನ ಜನ್ಮಕ್ಕೆ.

ಸೆಪ್ಟೆಂಬರ್ 26. ಬೆಳಿಗ್ಗೆ

ರಾತ್ರಿ ಕೂತು ಅವಳ ಹಳೆಯ ವಿಡಿಯೋಗಳನ್ನೆಲ್ಲ ನೋಡಿದೆ. ಆ ಅಕ್ಷರ ಬಂದ ಕಡೆಯೆಲ್ಲ ಗೀಟು ಇಲ್ಲ. ಅಪ್ಪ ಊಟದ ಹೊತ್ತಿನಲ್ಲೂ ಅದನ್ನೇ ಯಾಕೆ ನೋಡುತ್ತಿದ್ದರು ಅಂತ ಈಗ ಗೊತ್ತಾಯಿತು. ನಾನು ನರಿಯ ಬಾಲ ನೋಡಿ ನಗುತ್ತಾರೆ ಅಂದುಕೊಂಡಿದ್ದೆ.

ಕಾಲುವೆ ಪಕ್ಕದ ನೂಡಲ್ ಅಂಗಡಿಗೆ ಬರಹೇಳಿದೆ. ಬಂದಳು. ಇಳಿದುಹೋಗಿದ್ದಾಳೆ.

"ಯಾಕೆ ಸುಮ್ನಿದ್ದೆ?" ಅಂದೆ. "ಒಂದು ಮಾತು ಹೇಳಿದ್ರೆ ಮುಗೀತಿತ್ತು."

"ಹೇಳಿದ್ರೆ ನಿಮಗೆ ಅವಮಾನ ಆಗ್ತಿತ್ತು ಅಕ್ಕಾ. ಆ ಪಾಠ ಮಾಡೋರೇ ನೀವು."

"ನಿನಗಾದ ಅವಮಾನ?"

"ನಾನು ಗಾರೆ ಕೆಲಸದೋನ ಮಗಳು. ನಮ್ಮಪ್ಪ ಸತ್ತಾಗ ನನಗೆ ಎಂಟು ವರ್ಷ. ಬೈಗುಳ ಕೇಳಿ ರೂಢಿ ಇದೆ." ನೂಡಲ್ ಕಲಸುತ್ತಲೇ ಇದ್ದಳು, ತಿನ್ನಲಿಲ್ಲ. "ಗುರುಗಳನ್ನ ಅಪ್ಪ ಅನ್ನೋಕೆ ನನಗೆ ಹಕ್ಕಿಲ್ಲ. ಮನೇಲಿ ನೀವಿದೀರಿ. ಅದಕ್ಕೇ ಅಕ್ಷರದಲ್ಲಿ... ಯಾರಿಗೂ ಗೊತ್ತಾಗಲ್ಲ ಅನ್ಕೊಂಡೆ."

"ಕುರ್ಚಿ?"

"ಗುರುಗಳು ಕೇಳಿದ್ರು. ನನ್ನನ್ನೇ ಕೂತ್ಕೋ ಅಂದ್ರು. ಆವತ್ತು, ಶಿಕ್ಷಕರ ದಿನ. ಒಲ್ಲೆ ಅಂದೆ. ಮಗಳಿದಾರೆ, ಅವರದ್ದು ಅಂದೆ."

ನಾನು ಚಹಾ ಕಾಯಿಸುತ್ತಿದ್ದಾಗ!

ಕ್ಷಮಿಸು ಅಂದೆ. ಅಂದದ್ದು ನಿಜ. ಆದರೆ ಇಲ್ಲಿ ಯಾರೂ ಓದುವುದಿಲ್ಲವಲ್ಲ, ಬರೆಯುತ್ತೇನೆ: ಆ ಗಳಿಗೆಯಲ್ಲಿ ಅವಳ ಮೇಲೆ ಎಂದಿಗಿಂತ ಹೆಚ್ಚು ಹೊಟ್ಟೆಕಿಚ್ಚಾಯಿತು. ಕೆಟ್ಟವಳಾಗಿದ್ದರೆ ಎಷ್ಟು ಸುಖವಿತ್ತು.

ಸೆಪ್ಟೆಂಬರ್ 27, ಶನಿವಾರ. ಮಧ್ಯಾಹ್ನ

ಅಪ್ಪನ ಮುಂದೆ ಕೂತೆ. ಹೇಳಿದೆ.

ಅಪ್ಪ ಬರೆದರು: 'ಗೊತ್ತು.'

"ಮತ್ತೆ ನನಗೆ ಯಾಕೆ ಹೇಳ್ಲಿಲ್ಲ? ಹಲಗೆ ಇತ್ತಲ್ಲ ಪಕ್ಕದಲ್ಲೇ."

'ನೀನೇ ಓದಿಕೊಳ್ಳಲಿ ಅಂತ.'

"ನನಗಿಂತ ಅವಳೇ ಮೇಲು ಅಂತ ಹೇಳಿಬಿಡಿ ಅಪ್ಪಾ. ಒಂದ್ಸಲ ಹೇಳಿಬಿಡಿ, ನನ್ನ ಪಾಡಿಗೆ ನಾನಿರ್ತೀನಿ." ಅಳು ಬಂದುಬಿಟ್ಟಿತು. ಐವತ್ತು ದಾಟಿದ ಹೆಂಗಸು, ಮೂಗು ಸೀಟುತ್ತ.

ಅಪ್ಪ ಹಲಗೆ ಎಳೆದುಕೊಂಡು ಬರೆದರು: 'ಅವಳು ಕಥೆ ಹೇಳುತ್ತಾಳೆ. ನೀನು ಕಥೆ ಕಾಪಾಡುತ್ತೀಯ. ಕುರ್ಚಿ ಹೇಳುವವರದು.' ಒರೆಸಿದರು. ಮತ್ತೆ ಬರೆದರು: 'ಮಗಳು ನೀನೇ.'

ಎರಡನೆಯದನ್ನು ಒರೆಸಲು ನಾನು ಬಿಡಲಿಲ್ಲ. ಹಲಗೆಯನ್ನು ನನ್ನ ಕೋಣೆಗೆ ತಂದಿಟ್ಟುಕೊಂಡಿದ್ದೆ. ಆಮೇಲೆ ಪಾಪ, ನೀರು ಬೇಕೆಂದು ಕೇಳಲೂ ಅಪ್ಪನಿಗೆ ಹಲಗೆ ಇಲ್ಲ. ವಾಪಸು ಕೊಟ್ಟೆ.

ಸೆಪ್ಟೆಂಬರ್ 28, ಭಾನುವಾರ. ಸಂಜೆ

ಸಭೆಯಲ್ಲಿ ಹೇಳಿಬಿಟ್ಟೆ. ಬೋರ್ಡ್ ತರಿಸಿ, ಅಕ್ಷರ ಬರೆದು, ತಪ್ಪು ಅವಳದಲ್ಲ, ನನ್ನದು ಅಂತ. ಪೋಸ್ಟ್ ಕೂಡ ಹಾಕಿದೆ, ಹೆಸರು ಹುದ್ದೆ ಸಮೇತ. ಜನ ಈಗ ನನಗೇ ಹಾಡು ಕಟ್ಟುತ್ತಿದ್ದಾರೆ. ಕಟ್ಟಲಿ. ಮುಂದಿನ ತಿಂಗಳಿಂದ ಗೂ ತಿಂಗ್‌ಯು ಕಥೆ ಹೇಳುತ್ತಾಳೆ ಅಂದೆ. ಚಪ್ಪಾಳೆಯೋ ಚಪ್ಪಾಳೆ. ನನ್ನ ಭಾಷಣಕ್ಕೆ ಬಿದ್ದ ಅತಿ ದೊಡ್ಡ ಚಪ್ಪಾಳೆ ಅವಳ ಹೆಸರಿಗೆ ಬಿತ್ತು.

ಹೌ ಗೊಣಗಿದ, "ಮೇಡಂ, ಮೊದಲೇ ಹೇಳಬಾರದಿತ್ತೇ?" ಅಂತ. ಮೊದಲೇ ಗೊತ್ತಿದ್ದರೆ ತಾನೇ.

ಅಕ್ಟೋಬರ್ 6, ಮಧ್ಯಶರತ್ಕಾಲದ ಹಬ್ಬ. ಸಂಜೆ 6

ವಾರದಿಂದ ಬರೆದಿಲ್ಲ. ಅಪ್ಪನಿಗೆ ಜ್ವರ ಬಂದಿತ್ತು. ಈಗ ಇಳಿದಿದೆ, ಆದರೆ ಸುಸ್ತು. ಹಾಸಿಗೆ ಬಿಟ್ಟು ಎದ್ದಿಲ್ಲ. ಎಬ್ಬಿಸಲು ನೋಡಿದೆ, ಬೆಳಿಗ್ಗೆಯಿಂದ ಮೂರು ಸಲ. ತಲೆ ಅಲ್ಲಾಡಿಸಿ ಕಣ್ಣು ಮುಚ್ಚಿಕೊಂಡರು.

ಊಟಕ್ಕೆ ತಿಂಗ್‌ಯುವನ್ನು ಕರೆದಿದ್ದೇನೆ. ಅಪ್ಪ ಕೇಳಲಿಲ್ಲ, ನಾನಾಗಿಯೇ ಕರೆದೆ. ದೊಡ್ಡತನ ಅಂತ ಬರೆದುಕೊಳ್ಳಬಹುದು. ಬಾತುಕೋಳಿ ಬೆಂದಿದೆ. ಈ ಹಬ್ಬದ ತಿಂಡಿ, ಮಾಂಸ ತುಂಬಿದ ಬಿಸಿ ಚಂದ್ರಕಜ್ಜಾಯಕ್ಕೆ ಅಂಗಡಿಯ ಮುಂದೆ ಸಾಲಿನಲ್ಲಿ ನಿಂತು ತಂದೆ. ಅಪ್ಪನ ಮಂಚದ ಹತ್ತಿರವೇ ಮೇಜು ಎಳೆದು ಹಾಕಿದ್ದೇನೆ, ಮಲಗಿದಲ್ಲೇ ಊಟ ಮಾಡಲಿ ಅಂತ. ಮೂರು ಬಟ್ಟಲು. ಅವಳದನ್ನು ನನ್ನ ಪಕ್ಕ ಇಟ್ಟೆ, ಅಪ್ಪನ ಪಕ್ಕ ಅಲ್ಲ. ಇಷ್ಟು ಸಣ್ಣತನ ಇರಲಿ ನನಗೆ.

ಮನಸ್ಸು ಹಗುರವಾಗಿದೆ. ನಿಜವಾಗಿ. ಅವಳು ಬಂದರೆ ಉರಿಯುವುದಿಲ್ಲ ಅನ್ನಿಸುತ್ತದೆ. ಮಗಳು ನೀನೇ ಅಂತ ಬರೆದುಕೊಟ್ಟಿದ್ದಾರಲ್ಲ, ಇನ್ನೇನು ಬೇಕು...

ಬಾಗಿಲು ತಟ್ಟಿದ ಸದ್ದು. ಅವಳೇ ಇರಬೇಕು. ಹೋಗಿ ತೆಗೆಯ—

ಅಯ್ಯೋ, ಅಪ್ಪ ಎದ್ದರು. ಯಾರ ಕೈಯನ್ನೂ ಹಿಡಿಯದೆ, ತಾವೇ, ಬಾಗಿಲ ಕಡೆ ಹೊರಟೇಬಿಟ್ಟರು.